ಕಿಡ್ನಿ ಕೊಟ್ಟವರು ಎಷ್ಟು ವರ್ಷ, ಹಾಕಿಸಿಕೊಂಡವರು ಎಷ್ಟು ವರ್ಷ?

"ಮಗನಿಗೆ ಕಿಡ್ನಿ ಹಾಕಿಸಬೇಕು, ಅವನಮ್ಮ ಕೊಡ್ತೀನಿ ಅಂತಿದಾರೆ. ಕೊಟ್ಟಮೇಲೆ ತೋಟದ ಕೆಲಸ ಮಾಡ್ಕೊಂಡು ಇರಬಹುದಾ? ಹಾಕಿದ ಕಿಡ್ನಿ ಎಷ್ಟು ವರ್ಷ ಬರುತ್ತೆ?" ಮಾತು ತೀರ್ಥಹಳ್ಳಿಯಿಂದ ಶುರುವಾಗಲಿ, ಸೊರಬದಿಂದ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಈ ಎರಡು ಪ್ರಶ್ನೆಗಳ ಹತ್ತಿರ. ಎರಡಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಕೊಟ್ಟವರ ಆರೋಗ್ಯ ಬಹುಪಾಲು ಆಪರೇಷನ್‌ಗೆ ಮೊದಲೇ, ಅವರನ್ನು ಆಯ್ಕೆ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಹಾಕಿಸಿಕೊಂಡವರದು ಆಪರೇಷನ್ ಆದಮೇಲೆ, ಮನೆಯಲ್ಲಿ, ಗಡಿಯಾರದ ಮುಂದೆ ತೀರ್ಮಾನವಾಗುತ್ತದೆ.

ಮೊದಲು ಕೊಡುವವರ ವಿಷಯ. ಒಂದು ಕಿಡ್ನಿ ತೆಗೆದರೆ ಶಕ್ತಿ ಅರ್ಧಕ್ಕೆ ಇಳಿದು ಅಲ್ಲೇ ನಿಲ್ಲುವುದಿಲ್ಲ. ಉಳಿದದ್ದು ಸ್ವಲ್ಪ ದೊಡ್ಡದಾಗಿ ಹೆಚ್ಚು ಕೆಲಸ ಹೊರುತ್ತದೆ. ಕೆಲವೇ ತಿಂಗಳಲ್ಲಿ ಒಟ್ಟು ಸೋಸುವ ಶಕ್ತಿ ಮೊದಲಿದ್ದುದರ ಶೇ. 60ರಿಂದ 70ಕ್ಕೆ ಬಂದು ನಿಲ್ಲುತ್ತದೆ. ಅದು ಆರೋಗ್ಯವಂತ ದೇಹಕ್ಕೆ ಧಾರಾಳ ಸಾಕು. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಆಯಿತು. ಅವಳಿ ಸಹೋದರ ರಿಚರ್ಡ್‌ಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್‌ಗೆ ಆಗ 23 ವರ್ಷ. ರಿಚರ್ಡ್ ಎಂಟು ವರ್ಷ ಬದುಕಿದರು. ರೊನಾಲ್ಡ್ ತೀರಿಕೊಂಡದ್ದು 2010ರಲ್ಲಿ, 79ನೇ ವಯಸ್ಸಿನಲ್ಲಿ.

ಒಬ್ಬರ ಉದಾಹರಣೆ ನೆಚ್ಚಿಕೊಂಡು ಸಹಿ ಹಾಕಬೇಕಾಗಿಲ್ಲ, ಲೆಕ್ಕವೂ ಇದೆ. ಅಮೆರಿಕದಲ್ಲಿ ಕಿಡ್ನಿ ಕೊಟ್ಟ ಸುಮಾರು 96,000 ಜನರನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಜೀವಮಾನದಲ್ಲಿ ಎಂದಾದರೂ ಡಯಾಲಿಸಿಸ್ ಹಂತಕ್ಕೆ ಹೋಗುವ ಅಪಾಯ ಕೊಟ್ಟವರಲ್ಲಿ 10,000ಕ್ಕೆ 90. ಅಷ್ಟೇ ಆರೋಗ್ಯವಂತರಾಗಿದ್ದು ಕೊಡದೆ ಉಳಿದವರಲ್ಲಿ 14. ಆರಿಸದ ಸಾಮಾನ್ಯ ಜನರಲ್ಲಿ 326. ಆಸ್ಪತ್ರೆಗಳಲ್ಲಿ ಮೊದಲನೆಯ ಮತ್ತು ಮೂರನೆಯ ಸಂಖ್ಯೆ ಹೇಳಿ "ನಿಮಗೆ ಊರ ಮಂದಿಗಿಂತ ಅಪಾಯ ಕಡಿಮೆ" ಎನ್ನುವುದುಂಟು. ಅದು ಸುಳ್ಳಲ್ಲ. ಆದರೆ ಕೊಡುವವರು ನೋಡಬೇಕಾದದ್ದು 14 ಮತ್ತು 90ರ ನಡುವಿನ ಅಂತರವನ್ನು, ಯಾಕೆಂದರೆ ಕೊಡದಿದ್ದರೆ ಅವರು ಇರುತ್ತಿದ್ದದ್ದು ಆ 14ರ ಗುಂಪಿನಲ್ಲಿ. ಅಪಾಯ ಹೆಚ್ಚುತ್ತದೆ, ಆದರೂ ನೂರಕ್ಕೆ ಒಂದರೊಳಗೇ ಇರುತ್ತದೆ. ಆಪರೇಷನ್ ಸಂದರ್ಭದಲ್ಲಿ ಜೀವಕ್ಕೇ ಅಪಾಯವಾಗುವುದು 10,000ಕ್ಕೆ ಸುಮಾರು ಮೂರು.

ವಯಸ್ಸಿನ ಲೆಕ್ಕ ನಮ್ಮ ಊಹೆಗೆ ಉಲ್ಟಾ ಇದೆ. "ತಂಗಿಗೆ 24 ವರ್ಷ, ಗಟ್ಟಿಯಾಗಿದಾಳೆ, ಅವಳೇ ಕೊಡಲಿ, ಅಮ್ಮನಿಗೆ 55 ಆಯ್ತು" ಎನ್ನುತ್ತಾರೆ. ಬಿ.ಪಿ., ಸಕ್ಕರೆ ಯಾವುದೂ ಇಲ್ಲದೆ 55 ದಾಟಿದ ಅಮ್ಮನ ಮುಂದಿನ ದಾರಿ ಹೆಚ್ಚುಕಡಿಮೆ ಕಾಣುತ್ತಿರುತ್ತದೆ. 24ರ ಹುಡುಗಿಗೆ, ಅದರಲ್ಲೂ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದರೆ, ಮುಂದಿನ ಐವತ್ತು ವರ್ಷದಲ್ಲಿ ಯಾವಾಗ ಬೇಕಾದರೂ ಕಾಯಿಲೆ ತಲೆ ಎತ್ತಬಹುದು. ಜೊತೆಗೆ, ಕೆನಡಾದ ಒಂದು ಅಧ್ಯಯನದಲ್ಲಿ ಕಿಡ್ನಿ ಕೊಟ್ಟ ಮೇಲೆ ಬಸುರಾದವರಲ್ಲಿ ಶೇ. 11 ಮಂದಿಗೆ ಗರ್ಭಿಣಿಯರ ಬಿ.ಪಿ. ಅಥವಾ ನಂಜು (ಪ್ರಿಎಕ್ಲಾಂಪ್ಸಿಯಾ) ಕಂಡಿತು. ಕೊಡದವರಲ್ಲಿ ಅದು ಶೇ. 5. ಬಹುಪಾಲು ತಾಯಂದಿರೂ ಮಕ್ಕಳೂ ಚೆನ್ನಾಗಿಯೇ ಇದ್ದರು. ಆದರೂ ಮದುವೆಯಾಗದ ಹುಡುಗಿಯ ಮೇಲೆ ಮನೆಯವರೆಲ್ಲ ಸೇರಿ ಒತ್ತಡ ಹಾಕುವ ಮೊದಲು ಇದನ್ನು ಅವಳ ಎದುರಿಗೇ ಹೇಳಬೇಕು. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಇದಕ್ಕೆ ವೈದ್ಯಕೀಯ ಕಾರಣ ಹುಡುಕುವುದು ವ್ಯರ್ಥ.

ತೋಟದ ಕೆಲಸಕ್ಕೆ ಬರುತ್ತೇನೆ. ಈಗ ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಲ್ಲಿ ಎಡ ಕಿಡ್ನಿ ತೆಗೆಯುತ್ತಾರೆ. ಅದರ ರಕ್ತನಾಳ ಉದ್ದ, ಜೋಡಿಸಲು ಸಲೀಸು. ರಂಧ್ರಗಳು ಚಿಕ್ಕವಾದರೂ ಕಿಡ್ನಿಯನ್ನು ಹೊರಗೆ ತರಲು ಕಿಬ್ಬೊಟ್ಟೆಯಲ್ಲಿ ಆರೇಳು ಸೆಂಟಿಮೀಟರಿನ ಒಂದು ಗಾಯ ಬೇಕೇ ಬೇಕು. ತೊಂದರೆ ಕೊಡುವುದು ಈ ಗಾಯ. ಮೇಲೆ ಚರ್ಮ ಹದಿನೈದು ದಿನಕ್ಕೆ ಕೂಡಿಕೊಂಡು ಎಲ್ಲ ಸರಿಹೋದಂತೆ ಕಾಣುತ್ತದೆ, ಒಳಗಿನ ಪದರ ಗಟ್ಟಿಯಾಗಲು ತಿಂಗಳುಗಳು ಬೇಕು. ಮೊದಲ ಆರು ವಾರ ಐದು ಕಿಲೋ ಮೀರಿ ಎತ್ತಬಾರದು. ತುಂಬಿದ ಕೊಡ, ಹುಲ್ಲಿನ ಹೊರೆ, ಅಡಿಕೆ ಗೊನೆ ಎಲ್ಲವೂ ಇದಕ್ಕಿಂತ ಭಾರವೇ. ಅವಸರ ಮಾಡಿದರೆ ಅಲ್ಲಿ ಹರ್ನಿಯಾ ಆಗಬಹುದು. ಮೂರು ತಿಂಗಳು ಕಳೆದ ಮೇಲೆ ಡಾಕ್ಟರು ಒಪ್ಪಿದರೆ ಮೊದಲಿನ ಕೆಲಸವೆಲ್ಲ ಮಾಡಬಹುದು. ಹಾಗಾಗಿ ಆಪರೇಷನ್ ದಿನಾಂಕವನ್ನು ಅಡಿಕೆ ಕೊಯ್ಲಿಗೆ ತಾಗದಂತೆ ಇಟ್ಟುಕೊಳ್ಳುವುದು ಜಾಣತನ. ಸುಗ್ಗಿಯಲ್ಲಿ ಮನೆಯಲ್ಲಿ ಸುಮ್ಮನೆ ಕೂರು ಎಂದರೆ ಮಲೆನಾಡಿನ ಯಾವ ಹೆಂಗಸೂ ಕೂರುವುದಿಲ್ಲ.

ಹಾಕಿಸಿಕೊಂಡವರಿಗೆ ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ, ಹೊಟ್ಟೆಯ ಕೆಳಭಾಗದಲ್ಲಿ, ಹೆಚ್ಚಾಗಿ ಬಲಕ್ಕೆ ಕೂರಿಸುತ್ತಾರೆ. ಹಳೆಯವು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಎಷ್ಟು ವರ್ಷ ಬರುತ್ತದೆ ಎಂಬುದಕ್ಕೆ ಅಮೆರಿಕದ ಅಂಕಿಅಂಶ ಹೀಗಿದೆ: 2014–17ರಲ್ಲಿ ಕಸಿಯಾದವರಲ್ಲಿ ಅರ್ಧದಷ್ಟು ಕಿಡ್ನಿಗಳು, ಬದುಕಿರುವವರು ಕೊಟ್ಟದ್ದಾದರೆ ಸುಮಾರು 19 ವರ್ಷ, ಮೃತರಿಂದ ಬಂದದ್ದಾದರೆ ಸುಮಾರು 12 ವರ್ಷ ಕೆಲಸ ಮಾಡುತ್ತವೆಂದು ಅಂದಾಜು. ಅಂದರೆ ಅರ್ಧದಷ್ಟು ಅದಕ್ಕೂ ಹೆಚ್ಚು ಕಾಲ ಬರುತ್ತವೆ, ಇನ್ನರ್ಧ ಅದಕ್ಕೂ ಮೊದಲೇ ನಿಲ್ಲುತ್ತವೆ. ಐದೇ ವರ್ಷಕ್ಕೆ ಹೋಗುವುದೂ ಉಂಟು. ಈ ವ್ಯತ್ಯಾಸದಲ್ಲಿ ನಮ್ಮ ಕೈಯಲ್ಲಿರುವ ಪಾಲು ದೊಡ್ಡದು.

ದೇಹ ಹೊಸ ಕಿಡ್ನಿಯನ್ನು ತಳ್ಳಿಹಾಕದಂತೆ ದಿನಕ್ಕೆ ಮೂರು ಬಗೆಯ ಗುಳಿಗೆ: ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್. ಟ್ಯಾಕ್ರೋಲಿಮಸ್ ಬಲು ನಾಜೂಕು. ರಕ್ತದಲ್ಲಿ ಕಡಿಮೆಯಾದರೆ ದೇಹ ಕಿಡ್ನಿಯ ಮೇಲೆ ತಿರುಗಿ ಬೀಳುತ್ತದೆ (ಇದೇ ರಿಜೆಕ್ಷನ್), ಹೆಚ್ಚಾದರೆ ಔಷಧವೇ ಕಿಡ್ನಿಯನ್ನು ಹಾಳು ಮಾಡುತ್ತದೆ. ಅದಕ್ಕೇ ರಕ್ತದಲ್ಲಿ ಅದರ ಮಟ್ಟ ನೋಡುವುದು. ಈ ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಹಿಂದಿನ ಗುಳಿಗೆ ನುಂಗಿ 12 ಗಂಟೆ ಆದಮೇಲೆ, ಮುಂದಿನದನ್ನು ನುಂಗುವ ಮೊದಲು. ನಮ್ಮ ಕಡೆಯವರು ಎಡವುವುದು ಇಲ್ಲೇ. ಹೊಸನಗರದಿಂದ ಬೆಳಿಗ್ಗೆ ಐದಕ್ಕೆ ಹೊರಟು ಮಣಿಪಾಲಕ್ಕೋ ಮಂಗಳೂರಿಗೋ ಹೋಗುವವರು ಎಂಟು ಗಂಟೆ ಆಯಿತೆಂದು ಬಸ್ಸಿನಲ್ಲೇ ಗುಳಿಗೆ ನುಂಗಿ, ಹತ್ತಕ್ಕೆ ರಕ್ತ ಕೊಡುತ್ತಾರೆ. ಆಗ ಮಟ್ಟ ಎಷ್ಟೋ ಪಾಲು ಹೆಚ್ಚಾಗಿ ಕಾಣುತ್ತದೆ. ಡಾಕ್ಟರು ಅದನ್ನೇ ನಂಬಿ ಡೋಸ್ ಇಳಿಸಿದರೆ, ಮನೆಗೆ ಹೋದ ಮೇಲೆ ನಿಜವಾದ ಮಟ್ಟ ಬೇಕಾದ್ದಕ್ಕಿಂತ ಕೆಳಗಿರುತ್ತದೆ. ರಿಜೆಕ್ಷನ್‌ಗೆ ಇಷ್ಟು ಸಾಕು. ಪರೀಕ್ಷೆಯ ಹಿಂದಿನ ರಾತ್ರಿಯ ಗುಳಿಗೆಯನ್ನು, ಡಾಕ್ಟರನ್ನು ಕೇಳಿಕೊಂಡು, ಹತ್ತು ಗಂಟೆಗೆ ಸರಿಸಿಕೊಳ್ಳಿ. ಬೆಳಗಿನದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ರಕ್ತ ಕೊಟ್ಟ ಕೂಡಲೇ ನುಂಗಿ. ಅಪ್ಪಿತಪ್ಪಿ ಮೊದಲೇ ನುಂಗಿದ್ದರೆ ಲ್ಯಾಬಿನವರಿಗೂ ಡಾಕ್ಟರಿಗೂ ಬಾಯಿಬಿಟ್ಟು ಹೇಳಿ. ಮೆಡಿಕಲ್ ಶಾಪಿನಲ್ಲಿ "ಅದೇ ಔಷಧ, ಬೇರೆ ಕಂಪನಿ" ಎಂದು ಕೊಟ್ಟರೂ ಹಾಗೇ: ಡಾಕ್ಟರಿಗೆ ತಿಳಿಸಿ, ಮಟ್ಟ ಮತ್ತೆ ನೋಡಿಸಬೇಕು.

ಈ ಮಟ್ಟವನ್ನು ಏರಿಳಿಸುವ ಇನ್ನಷ್ಟು ಸಂಗತಿಗಳು ಮನೆಯ ಸುತ್ತಲೇ ಇವೆ. ಹಿತ್ತಿಲಿನ ಚಕ್ಕೋತ ಬೇಡವೇ ಬೇಡ, ಟ್ಯಾಕ್ರೋಲಿಮಸ್ ಕರಗಿ ಹೋಗುವುದನ್ನು ಅದು ತಡೆಯುತ್ತದೆ. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇಳಿಸುತ್ತವೆ. ಮಳೆಗಾಲದ ಭೇದಿಯನ್ನು ಹಗುರವಾಗಿ ಕಾಣುವವರೇ ಹೆಚ್ಚು. ಭೇದಿಯಾದಾಗ ಔಷಧದ ಮಟ್ಟ ಕಡಿಮೆಯಾಗಬಹುದು ಎಂದು ಯಾರಿಗಾದರೂ ಅನಿಸುತ್ತದೆ. ಆಗುವುದು ತದ್ವಿರುದ್ಧ: ಟ್ಯಾಕ್ರೋಲಿಮಸ್ ಏರುತ್ತದೆ, ಮೈಯ ನೀರೂ ಬತ್ತಿರುತ್ತದೆ, ಎರಡೂ ಸೇರಿ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕಲ್ಮಶ) ಏರಿಸುತ್ತವೆ. ಎರಡನೇ ದಿನಕ್ಕೂ ಭೇದಿ ನಿಲ್ಲದಿದ್ದರೆ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಅಬ್ಬಿ ನೀರಾದರೂ ಬಾವಿ ನೀರಾದರೂ ಕುದಿಸಿಯೇ ಕುಡಿಯಬೇಕು. ತಂಬುಳಿ ಮಾಡುವುದಾದರೆ ಸೊಪ್ಪನ್ನು ಚೆನ್ನಾಗಿ ತೊಳೆದು, ಬಾಡಿಸಿ ರುಬ್ಬಿ.

ಕಷಾಯದ ವಿಷಯ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳಬೇಕು. ಅಮೃತಬಳ್ಳಿಯನ್ನು ರೋಗನಿರೋಧಕ ಶಕ್ತಿ ಹೆಚ್ಚಿಸಲೆಂದು ಕುಡಿಯುತ್ತಾರೆ. ಕಸಿಯಾದವರು ನುಂಗುವ ಅಷ್ಟೂ ಗುಳಿಗೆ ಆ ಶಕ್ತಿಯನ್ನು ತಗ್ಗಿಸಲೆಂದೇ ಇರುವುದು. ಧಾರೆಹುಳಿ, ಬಿಂಬುಳಿ ಎರಡರಲ್ಲೂ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ವಿಪರೀತ. ಕೊಲೆಸ್ಟ್ರಾಲ್ ಇಳಿಯಲೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೈಕೊಟ್ಟವರ ವರದಿಗಳು ಕೇರಳದಿಂದ ಬಂದಿವೆ. ಒಂದೇ ಕಿಡ್ನಿ ಉಳಿದಿರುವ ದಾನಿಗೂ ಈ ಎರಡು ರಸ ಬೇಡ.

ಇನ್ನು ಜ್ವರ. ಕಸಿಯಾದವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ಅದೇ ದಿನ ತೋರಿಸಬೇಕಾದ ಜ್ವರ. ಗದ್ದೆಯ ಕೆಸರಿನಲ್ಲಿ ಇಲಿಜ್ವರ ಇದೆ, ಅದು ಕಿಡ್ನಿಗೇ ನೇರ ಹೊಡೆತ ಕೊಡುತ್ತದೆ. ಕಾಲಿನಲ್ಲಿ ಗಾಯ ಇದ್ದಾಗ ಕೆಸರಿಗೆ ಇಳಿಯಬಾರದು, ಇಳಿದರೆ ಗಂಬೂಟು ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಜೋರು. ಹಿಂದೆ ಕೊಡುತ್ತಿದ್ದ ಲಸಿಕೆ ಈಗ ನಿಂತಿದೆ. ಆ ತಿಂಗಳುಗಳಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸಲು, ಸೌದೆ ತರಲು ಕಸಿಯಾದವರು ಕಾಡಿಗೆ ಹೋಗದಿರುವುದೇ ಸರಿ. ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಈ ಕಾಯಿಲೆ ಹರಡುವ ಉಣುಗನ್ನು ಮೈಯಿಂದ ಹುಡುಕಿ ತೆಗೆಯಬೇಕು. ದರಗು, ಒಣಗೊಬ್ಬರ ಕೆದಕಿದಾಗ ಏಳುವ ಧೂಳಿನಲ್ಲಿ ಶಿಲೀಂಧ್ರದ ಕಣಗಳಿರುತ್ತವೆ, ಅವು ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಆ ಕೆಲಸ ಬೇರೆಯವರಿಗೆ ಬಿಡಿ. ವಾರಗಟ್ಟಲೆ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆ ತಪ್ಪಿಸಬಾರದು.

ರಿಜೆಕ್ಷನ್ ಆದರೆ ನೋವು, ಬಾವು ಬಂದು ಗೊತ್ತಾಗುತ್ತದೆ ಎಂದು ಕಾಯುತ್ತಾರೆ. ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ, 1.2 ಇದ್ದ ಕ್ರಿಯಾಟಿನಿನ್ 1.6 ಆಗಿರುತ್ತದೆ, ಅಷ್ಟೇ. "ಎರಡರ ಒಳಗಿದೆಯಲ್ಲ" ಎಂದು ಸಮಾಧಾನ ಪಟ್ಟುಕೊಂಡವರು ತಿಂಗಳು ಕಳೆದುಕೊಳ್ಳುತ್ತಾರೆ. ನೋಡಬೇಕಾದದ್ದು ತನ್ನದೇ ಹಿಂದಿನ ಅಂಕಿ. ಇನ್ನೊಂದು ಮಾತು: ವರ್ಷಗಳು ಉರುಳಿದ ಮೇಲೆ ಎಷ್ಟೋ ಜನ ತೀರಿಕೊಳ್ಳುವುದು ಕಿಡ್ನಿ ನಿಂತು ಅಲ್ಲ, ಕಿಡ್ನಿ ಚೆನ್ನಾಗಿರುವಾಗಲೇ ಹೃದಯಾಘಾತವಾಗಿ. ಪ್ರೆಡ್ನಿಸೊಲೋನ್, ಟ್ಯಾಕ್ರೋಲಿಮಸ್ ಎರಡೂ ಸಕ್ಕರೆ ಕಾಯಿಲೆ ತರಬಲ್ಲವು. ಡಯಾಲಿಸಿಸ್ ಪಥ್ಯ ಮುಗಿಯಿತೆಂದು ಮಿಡಿ ಉಪ್ಪಿನಕಾಯಿ ಭರಣಿಯನ್ನು ಮತ್ತೆ ಊಟದ ಪಕ್ಕಕ್ಕೆ ತಂದುಕೊಂಡರೆ ಬಿ.ಪಿ. ಸುಮ್ಮನಿರುವುದಿಲ್ಲ.

ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಜುಲೈ, ಆಗಸ್ಟಿನಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದು ಹೊಸತಲ್ಲ. ಈ ಔಷಧಗಳು ಸಣ್ಣ ಊರಿನ ಅಂಗಡಿಗಳಲ್ಲಿ ಸಿಗುವುದೂ ಇಲ್ಲ. ಮಳೆ ಹಿಡಿಯುವ ಮೊದಲೇ ಒಂದು ತಿಂಗಳ ಹೆಚ್ಚುವರಿ ದಾಸ್ತಾನು ಮನೆಯಲ್ಲಿರಲಿ, ಸ್ಟ್ರಿಪ್ಪಿನಲ್ಲೇ ಇರಲಿ, ತೇವ ತಾಗದ ಡಬ್ಬಿಯಲ್ಲಿರಲಿ.

ಕೊಟ್ಟವರಿಗೆ ಮರಳಿ ಬರುತ್ತೇನೆ, ಯಾಕೆಂದರೆ ಎರಡನೇ ವರ್ಷಕ್ಕೆ ಮನೆಯವರೆಲ್ಲ ಅವರನ್ನು ಮರೆತಿರುತ್ತಾರೆ. ಮಗನ ಫೈಲು ದಪ್ಪವಾಗುತ್ತಾ ಹೋಗುತ್ತದೆ, ಅಮ್ಮನ ಹೆಸರಿನಲ್ಲಿ ಡಿಸ್ಚಾರ್ಜ್ ಚೀಟಿ ಬಿಟ್ಟರೆ ಇನ್ನೇನೂ ಇರುವುದಿಲ್ಲ. ಮಗನ ಜೊತೆ ಆಸ್ಪತ್ರೆಗೆ ಹೋದ ದಿನವೇ, ವರ್ಷಕ್ಕೊಮ್ಮೆ, ಅವರ ಬಿ.ಪಿ., ತೂಕ, ಸಕ್ಕರೆ, ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ (ಸೋರಿ ಹೋಗುವ ಪ್ರೋಟೀನ್) ಇಷ್ಟನ್ನು ನೋಡಿಸಿ. ಕೊಡುವ ಮೊದಲು 0.7 ಇದ್ದ ಕ್ರಿಯಾಟಿನಿನ್ ಕೊಟ್ಟಮೇಲೆ 1.0 ಅಥವಾ 1.1 ಆಗಿ ಅಲ್ಲೇ ನಿಂತರೆ ಅದು ನಿರೀಕ್ಷಿಸಿದ್ದೇ, ಕಾಯಿಲೆಯಲ್ಲ. ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಅಥವಾ ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಂಡರೆ, ಕಿಡ್ನಿ ಡಾಕ್ಟರ ಬಳಿ ಹೋಗಬೇಕು. ಸೊಂಟನೋವಿಗೆ ಊರಿನ ಕ್ಲಿನಿಕ್ಕಿನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡಲು ಬಂದರೆ "ನನಗಿರೋದು ಒಂದೇ ಕಿಡ್ನಿ" ಎಂದು ಮೊದಲೇ ಹೇಳಬೇಕು; ಪ್ಯಾರಾಸಿಟಮಾಲ್ ಸಾಕು ಎನ್ನಬೇಕು. ಕೊಳಕುಮಂಡಲ ಹಾವು ಕಚ್ಚಿದಾಗ ಯಾರ ಕಿಡ್ನಿಗಾದರೂ ಪೆಟ್ಟು ಬೀಳಬಹುದು. ದಾನಿಯಾದರೆ ಆಸ್ಪತ್ರೆಯ ಬಾಗಿಲಲ್ಲೇ ಈ ಮಾತು ಹೇಳಬೇಕು. ಪ್ರಜ್ಞೆ ತಪ್ಪಿದರೆ ಹೇಳುವವರು ಇರಲಿ ಎಂದು, ಡಿಸ್ಚಾರ್ಜ್ ಚೀಟಿಯ ಒಂದು ಜೆರಾಕ್ಸನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟಿರಿ.