ಭಂಡಾರ ಒಡೆದ ಮೊಣಕೈ

ಮೊನ್ನೆ ಫೆಬ್ರವರಿ 14ರ ಬೆಳಿಗ್ಗೆ ಎದುರುಮನೆಯ ಅಜ್ಜ ಹಿಮ ಬಾಚುವುದನ್ನು ನಿಲ್ಲಿಸಿ, ನಮ್ಮತ್ತ ತಿರುಗಿ ಬಲಗೈಯ ಮೊಣಕೈ ಎತ್ತಿ ತೋರಿಸಿದರು. ನಮ್ಮ ಮನೆಯವರೂ ಮೊಣಕೈ ಎತ್ತಿದರು. ಮಿನಿಯಾಪೊಲಿಸ್‌ನಲ್ಲಿ ಪ್ರೇಮಿಗಳ ದಿನಕ್ಕೆ ಹೀಗೆ ಶುಭಾಶಯ ಹೇಳಿಕೊಳ್ಳುವವರು ನಾವು ಮಾತ್ರವೇ ಇರಬೇಕು. ಇದರ ಬೇರು ದಾವಣಗೆರೆಯ ಚೌಕಿಪೇಟೆಯಲ್ಲಿ, ನನ್ನ ಅಜ್ಜಿಯ ಮನೆಯ ಹೊಸಿಲಿನಲ್ಲಿ, ಹೆಂಡತಿ ಗಂಡನ ಒಳಿತಿಗೆಂದು ಆಷಾಢದ ಕೊನೆಗೆ ಮಾಡುವ ಭೀಮನ ಅಮಾವಾಸ್ಯೆಯ ವ್ರತದಲ್ಲಿದೆ.

ಈ ವರ್ಷ ಮರುದಿನವೇ ಶಿವರಾತ್ರಿ. ಹೊರಗಿನ ಚಳಿಗೆ ಕಪ್ಪಾಗದಿರಲೆಂದು ಮನೆಯವರು ಜಾಕೆಟ್ಟಿನೊಳಗೆ ಅವಚಿಕೊಂಡು ತಂದಿದ್ದ ಗುಲಾಬಿಯೂ, ಊರಿನಿಂದ ತಂದು ಒಣಗಿಸಿಟ್ಟಿದ್ದ ಬಿಲ್ವಪತ್ರೆಯೂ ಒಂದೇ ತಟ್ಟೆ ಸೇರಿದವು. ಪ್ರೇಮಿಗಳ ದಿನದ ಹೂವನ್ನು ಶಿವನಿಗೆ ಏರಿಸಬಹುದೇ ಎಂದು ಕೇಳಲು ಈಗ ಅಜ್ಜಿ ಇಲ್ಲ. ನಿಷೇಧ ಇರುವುದು ಕೇದಗೆಗೆ ತಾನೇ ಎಂದುಕೊಂಡು ಏರಿಸಿದೆ.

2016ರ ಕೊನೆಯಲ್ಲಿ ಮದುವೆಯಾಗಿ ಹೊರಟಾಗ ಆ ವ್ರತಕ್ಕೆಂದು ಅಜ್ಜಿ ಕೊಟ್ಟದ್ದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಜೋಡಿ ಮಣ್ಣಿನ ದೀಪ. ಸುಟ್ಟ ಮಣ್ಣಲ್ಲ, ನೆರಳಿನಲ್ಲಿ ಒಣಗಿಸಿದ್ದು. ಅಜ್ಜಿಯ ತವರು ಹರಿಹರ. ಆಷಾಢ ಬಂತೆಂದರೆ ಯಾರನ್ನಾದರೂ ಅಟ್ಟಿ ತುಂಗಭದ್ರೆಯ ದಂಡೆಯಿಂದ ಮಣ್ಣು ತರಿಸುತ್ತಿದ್ದಳು. ಕಲ್ಲು, ಬೇರು ಆರಿಸಿ, ಬಿರುಕು ಬಿಡದಿರಲೆಂದು ಅರಳೆಯನ್ನು ಎಳೆಎಳೆಯಾಗಿ ಬಿಡಿಸಿ ಸೇರಿಸಿ (ಹತ್ತಿ ಗಿರಣಿಗಳ ಊರಿನಲ್ಲಿ ಅರಳೆಗೇನು ಬರ!) ರೊಟ್ಟಿಯ ಹಿಟ್ಟಿಗಿಂತ ಹೆಚ್ಚು ಹೊತ್ತು ನಾದುತ್ತಿದ್ದಳು. ಕಂಬವನ್ನು ಅಂಗೈಯಲ್ಲಿ ಉರುಳಿಸಿ ನಿಲ್ಲಿಸಿ, ಅದರ ಮೇಲೊಂದು ಉಂಡೆ ಕೂರಿಸಿ, ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ ನಡುವೆ ಒತ್ತುತ್ತಿದ್ದಳು. ಒಂದೇ ಒತ್ತು. ಎಣ್ಣೆ ನಿಲ್ಲುವ ಗುಂಡಿ ಅದೇ. ಅಂಚಿನಲ್ಲಿ ಅವಳ ಉಗುರಿನ ಗೆರೆ, ತಳದಲ್ಲಿ ಬೆರಳಚ್ಚಿನ ಸುರುಳಿ. ಒಂದು ದೀಪ ಶಿವ, ಇನ್ನೊಂದು ಪಾರ್ವತಿ. ಪಾರ್ವತಿಯ ಗುಂಡಿ ಯಾವಾಗಲೂ ತುಸು ಆಳ. ಏಕೆಂದು ಕೇಳಿದರೆ, "ಹೆಚ್ಚು ಹೊತ್ತು ಉರಿಯಬೇಕಾದವಳು ಅವಳು ತಾನೇ?" ಎಂದು ನಗುತ್ತಿದ್ದಳು.

ಪ್ರತಿ ವರ್ಷ ಎಣ್ಣೆ ಹೊಯ್ಯುವ ಮುನ್ನ ನನ್ನ ಹೆಬ್ಬೆರಳನ್ನು ಆ ಗುಂಡಿಯಲ್ಲಿಟ್ಟು ನೋಡಿದ್ದೇನೆ. ಅಳತೆ ಹೊಂದುವುದಿಲ್ಲ. ಅವಳ ಬೆರಳು ದಪ್ಪ.

ಅಂದು ಗಂಡನಿಗೆ ಮಾಡುವ ಪಾದಪೂಜೆಯ ಬಗ್ಗೆ ಮೂಗು ಮುರಿಯುವವರಿದ್ದಾರೆ. ಒಂದು ಕಾಲಕ್ಕೆ ನಾನೂ ಮುರಿದವಳೇ. ಆದರೆ ತಟ್ಟೆಯಲ್ಲಿ ಕಾಲಿಟ್ಟು ಕುಳಿತ ಮನುಷ್ಯನ ಮುಖ ನೋಡಬೇಕು. ಕಚಗುಳಿ ತಡೆಯಲಾರದೆ, ನಗಲೂ ಬಾರದೆ, ತಾನು ಇದಕ್ಕೆ ತಕ್ಕವನೇ ಎಂಬ ಅಳುಕು ಬೇರೆ. ಒಂಬತ್ತು ಗಂಟಿನ ಅರಿಶಿನದ ದಾರವನ್ನು ನನ್ನ ಬಲಗೈಗೆ ಕಟ್ಟುವಾಗ ಅವರ ಬೆರಳು ಪ್ರತಿ ಸಲವೂ ತಡವರಿಸುತ್ತದೆ. ದುಬಾರಿ ಹೋಟೆಲಿನ ಮೇಣದ ಬತ್ತಿಯ ಬೆಳಕಿನಲ್ಲಿ ಆ ಮುಖವನ್ನು ನಾನು ಕಂಡಿಲ್ಲ.

ತೊಡಕಾದದ್ದು ಭಂಡಾರದ್ದು. ನಾಣ್ಯ ತುಂಬಿದ ಕಡುಬನ್ನು ಹೊಸಿಲ ಮೇಲಿಟ್ಟರೆ ಅಣ್ಣನೋ ತಮ್ಮನೋ ಮೊಣಕೈಯಿಂದ ಗುದ್ದಿ ಒಡೆಯಬೇಕು, ಹರಸಬೇಕು. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಹೊಸಿಲೆಂದರೆ ಬಾಗಿಲ ಕೆಳಗಿನ ಲೋಹದ ಪಟ್ಟಿ. ಅಣ್ಣನಂತೂ ಏಳು ಸಮುದ್ರದಾಚೆ. ಎರಡು ವರ್ಷ ಕಡುಬು ಒಡೆಯದೆಯೇ ಉಳಿಯಿತು. ಮೂರನೆಯ ವರ್ಷ, 2019ರಲ್ಲಿ, ಅಜ್ಜಿಗೆ ಫೋನ್ ಮಾಡಿ ಅತ್ತೆ.

"ಅಲ್ಲವ್ವಾ, ಕಥೆಯಲ್ಲಿ ಭಂಡಾರ ಒಡೆದವರು ಯಾರು? ಅವಳ ಅಣ್ಣನೇ?" ಎಂದಳು ಅಜ್ಜಿ.

ಅಲ್ಲ. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಅಪ್ಪ ಅಮ್ಮ ಕಾಶಿಗೆ ಹೋಗಿದ್ದಾಗ ತಂಗಿಯನ್ನು ಹಣದಾಸೆಗೆ ಹೆಣಕ್ಕೆ ಧಾರೆ ಎರೆದವನೇ ಆ ಅಣ್ಣ. ನದಿಯ ದಂಡೆಯಲ್ಲಿ ಸತ್ತ ರಾಜಕುಮಾರನ ಪಕ್ಕ ಒಬ್ಬಳೇ ಕುಳಿತು, ಅಮಾವಾಸ್ಯೆ ನೆನಪಾಗಿ, ಕೈಗೆ ಸಿಕ್ಕ ಮಣ್ಣಿನಿಂದ ದೀಪ ಮಾಡಿದ ಹುಡುಗಿಯ ಭಂಡಾರ ಒಡೆಯಲು ಬಂದವರು ದಾರಿಹೋಕ ದಂಪತಿ. ಅವರು ಶಿವ ಪಾರ್ವತಿಯರೆಂದು ಅವಳಿಗೆ ಗೊತ್ತಿರಲಿಲ್ಲ.

"ಬಾಗಿಲು ತೆರೆ. ಯಾರು ಕಾಣುತ್ತಾರೋ ಅವರನ್ನು ಕರೆ" ಎಂದು ಫೋನ್ ಇಟ್ಟಳು.

ಬಾಗಿಲು ತೆರೆದಾಗ ಕಂಡವರು ಎದುರುಮನೆಯ ಅಜ್ಜ, ಕಸದ ಚೀಲ ಹಿಡಿದು ನಿಂತಿದ್ದರು. ವ್ರತದ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು ಆಗದ ಮಾತು. ನಮ್ಮ ಮನೆಯವರು, "ಇದು ನಮ್ಮ ವ್ಯಾಲೆಂಟೈನ್ಸ್ ಡೇ" ಎಂದುಬಿಟ್ಟರು. ಅಜ್ಜ ಕೈ ತೊಳೆದುಕೊಂಡು ಬಂದು, ಮಂಡಿಯೂರಿ, ಗುದ್ದಿದ ಗುದ್ದಿಗೆ ಕಡುಬು ಚೂರಾಗಿ ನಾಣ್ಯಗಳು ಮೆಟ್ಟಿಲಿಳಿದು ಹೋದವು. ಏನಾದರೂ ಹರಸಿ ಎಂದೆವು. ಜುಲೈ ತಿಂಗಳ ಸೆಖೆಯಲ್ಲಿ ಅವರು ಗಂಭೀರವಾಗಿ "ಹ್ಯಾಪಿ ವ್ಯಾಲೆಂಟೈನ್ಸ್ ಡೇ" ಎಂದರು. ಮರುವರ್ಷ ಕೊರೊನಾ. ಯಾರೂ ಯಾರನ್ನೂ ಮುಟ್ಟದೆ ಇಡೀ ಜಗತ್ತು ಮೊಣಕೈಗೆ ಮೊಣಕೈ ತಾಗಿಸುತ್ತಿದ್ದ ಕಾಲ. ಅವರು ಮುಖಗವಸು ಹಾಕಿಕೊಂಡು ಹೊಸಿಲಿನ ಆಚೆಯಿಂದಲೇ ಒಡೆದು ಹೋದರು. ಭಂಡಾರಕ್ಕೆ ಬೇಕಾದದ್ದೂ ಅಷ್ಟೇ.

ಒಂಬತ್ತು ವರ್ಷಕ್ಕೆ ಉದ್ಯಾಪನೆ ಮಾಡಿ ವ್ರತ ಮುಗಿಸುವುದು ನಮ್ಮ ಮನೆಯ ಕ್ರಮ. ಅದಕ್ಕಾಗಿ ಕಳೆದ ಜುಲೈ 24ರ ಅಮಾವಾಸ್ಯೆಗೆ ದಾವಣಗೆರೆಗೆ ಹೋದೆವು. ಹೇಳಬಾರದು, ಆದರೂ ಹೇಳುತ್ತೇನೆ: ಊರು ಬದಲಾಗಿದೆ. ಫೆಬ್ರವರಿಯಲ್ಲಿ ಅಂಗಡಿಗಳ ತುಂಬ ಹೃದಯದಾಕಾರದ ಬಲೂನು ತೂಗುತ್ತವಂತೆ. ಅಮಾವಾಸ್ಯೆಗೆ ಮಣ್ಣಿನ ದೀಪ ಕೇಳಿದರೆ ಹುಡುಗ ಪ್ಲಾಸ್ಟಿಕ್ಕಿನ ವಿದ್ಯುತ್ ದೀಪ ತೋರಿಸಿದ. ಓಣಿಯ ಅಣ್ಣಂದಿರು ಬೆಂಗಳೂರಿನಿಂದ ಮೊಬೈಲಿನಲ್ಲೇ ಹಣ ಕಳುಹಿಸಿ ಭಂಡಾರ ಮುಗಿಸಿದ್ದರು. ಪಾದಪೂಜೆಯ ಫೋಟೊ ಮಾತ್ರ ಎಲ್ಲರ ಸ್ಟೇಟಸ್ಸಿನಲ್ಲೂ ಇತ್ತು. ಪುಣ್ಯಕ್ಕೆ ನನ್ನಣ್ಣ ರಾತ್ರಿ ಬಸ್ಸಿನಲ್ಲಿ ಬಂದ. ಗುದ್ದಿದ, ಕಡುಬು ಒಡೆಯಲಿಲ್ಲ. ಎರಡನೆಯ ಗುದ್ದಿಗೆ ಚಪ್ಪಟೆಯಾಯಿತು. "ಅಮೆರಿಕದ ಅಜ್ಜ ಒಂದೇ ಏಟಿಗೆ ಒಡೆಯುತ್ತಾರೆ, ಮಾಮ" ಎಂದ ನನ್ನ ಆರು ವರ್ಷದ ಮಗ.

ಮರುದಿನ ದೀಪಗಳನ್ನು ಹೊಳೆಗೆ ಬಿಡಲು ಹರಿಹರಕ್ಕೆ ಹೋದೆವು. ಮಲೆನಾಡಿನ ಮಳೆಗೆ ತುಂಗಭದ್ರೆ ಕೆಂಪಗೆ, ದಂಡೆಯನ್ನು ಉಜ್ಜಿಕೊಂಡು ಹರಿಯುತ್ತಿದ್ದಳು. ನೀರಿನಲ್ಲಿ ಹಿಡಿದ ಕ್ಷಣದಲ್ಲೇ ಕಂಬಗಳು ಮೆತ್ತಗಾಗಿ ಬೆರಳುಗಳ ಸಂದಿನಿಂದ ಜಾರಿದವು. ಒಂಬತ್ತು ವರ್ಷ ಎಣ್ಣೆ ಕುಡಿದ ಪಾರ್ವತಿಯ ಗುಂಡಿ ಮಾತ್ರ ಕರಗಲು ಒಪ್ಪಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತೆ. ಕೊನೆಗೊಮ್ಮೆ ಹೆಬ್ಬೆರಳು ಇಟ್ಟು ನೋಡಿದೆ. ಒದ್ದೆಯಾಗಿ ಸಡಿಲವಾಗಿದ್ದ ಮಣ್ಣು ನನ್ನ ಬೆರಳಿನ ಅಳತೆಗೆ ಒತ್ತಿಕೊಂಡಿತು. ಬಿಟ್ಟುಬಿಟ್ಟೆ.

ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಆ ಹೊತ್ತಿಗೆ ಜನ ಕಡಿಮೆ. ಹರಿಗೂ ಹರನಿಗೂ ಒಬ್ಬೊಬ್ಬರಾಗಿ ಮಣಿಯದ ಗುಹಾಸುರನಿಗಾಗಿ ಇಬ್ಬರೂ ಒಂದೇ ಮೈಯಾಗಿ ನಿಂತ ಹರಿಹರೇಶ್ವರ. ಬಲಕ್ಕೆ ಹರ, ಎಡಕ್ಕೆ ಹರಿ. ಅರ್ಚಕರು ಸಂಕಲ್ಪಕ್ಕೆ ಹೆಸರು ಕೇಳಿದರು. ನಮ್ಮ ಮನೆಯವರು ನಮ್ಮ ಮೂವರ ಹೆಸರು, ನಕ್ಷತ್ರ, ಗೋತ್ರ ಹೇಳಿದರು. ಮಗ ಮುಂದೆ ಬಂದು ಎದುರುಮನೆಯ ಅಜ್ಜನ ಹೆಸರನ್ನೂ ಹೇಳಿದ. ಅರ್ಚಕರು ಎರಡು ಸಲ ಹೇಳಿಸಿಕೊಂಡು, ತಾವೂ ಒಮ್ಮೆ ಉಚ್ಚರಿಸಿ ನೋಡಿ, "ಗೋತ್ರ?" ಎಂದರು.

ನಾವು ಮುಖ ಮುಖ ನೋಡಿಕೊಂಡೆವು.

"ಇರಲಿ, ಶಿವಗೋತ್ರ ಎನ್ನುತ್ತೇನೆ" ಎಂದು ಅರ್ಚಕರು ತಟ್ಟೆ ಎತ್ತಿಕೊಂಡು ಗರ್ಭಗುಡಿಯೊಳಗೆ ಹೋದರು.