ಬಕೆಟ್‌ನಲ್ಲಿ ಬಿಟ್ಟ ಹಡಗು

ನಮ್ಮ ಹೈಸ್ಕೂಲಿನ ಹಿಂದೆ ಒಂದು ಕೆರೆ ಇತ್ತು. ಇತ್ತು ಅಂದರೆ ಕಟ್ಟೆ ಇತ್ತು, ತೂಬು ಇತ್ತು, ಕೋಡಿ ಇತ್ತು. ನೀರು ಮಾತ್ರ ಇರಲಿಲ್ಲ. ನಾನು ಓದಿದ ಮೂರು ವರ್ಷವೂ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡಿದೆವು, ಕಾಲಿಗೆ ಜಾಲಿ ಮುಳ್ಳು ಚುಚ್ಚಿಸಿಕೊಂಡೆವು. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅಲ್ಲಿಂದ ಹೋದವನು ಹಡಗು ಕಟ್ಟುವ ಕೆಲಸಕ್ಕೆ ಸೇರಿದ ಅಂದರೆ ಊರಲ್ಲಿ ಈಗಲೂ ನಗುತ್ತಾರೆ.

ತಪ್ಪೆಲ್ಲ ನಮ್ಮ ವಿಜ್ಞಾನದ ಮೇಷ್ಟ್ರದು.

ಒಂಬತ್ತನೇ ಕ್ಲಾಸಿನಲ್ಲಿ ಆರ್ಕಿಮಿಡೀಸ್ ಪಾಠ. ಮೇಷ್ಟ್ರು ನನ್ನ ಸ್ಟೀಲ್ ಊಟದ ಡಬ್ಬಿ ತೊಳೆಸಿ, ಬಕೆಟ್ ನೀರಿನಲ್ಲಿ ತೇಲಿಬಿಟ್ಟರು. ಒಂದೊಂದೇ ಬೆಣಚುಕಲ್ಲು ಹಾಕುತ್ತಾ ಎಣಿಸಲು ಹೇಳಿದರು. 40 ಕಲ್ಲು ಹಿಡಿಯಿತು, 41ನೆಯದಕ್ಕೆ ಗುಳುಕ್ ಅಂತ ಮುಳುಗಿತು. ಆಮೇಲೆ ಅದೇ ನೀರಿಗೆ ಎರಡು ಸೇರು ಕಲ್ಲುಪ್ಪು ಸುರಿದು ಕದಡಿಸಿದರು. ಈ ಸಲ 43. "ನೋಡಿದ್ರಾ, ಸಮುದ್ರದ ನೀರು ಜಾಸ್ತಿ ಹೊರುತ್ತೆ. ಅದಕ್ಕೇ ಹಡಗಿನ ಪಕ್ಕದಲ್ಲಿ ಉಪ್ಪುನೀರಿಗೆ ಒಂದು ಗೆರೆ, ಸಿಹಿನೀರಿಗೆ ಒಂದು ಗೆರೆ ಬಳಿದಿರ್ತಾರೆ" ಅಂದರು. ಅಷ್ಟರಲ್ಲಿ ಜವಾನ ಬಂದ. "ಕುಡಿಯೋಕೆ ನೀರಿಲ್ಲ, ಇವರು ಹಡಗು ಬಿಡ್ತಾವ್ರೆ!" ಉಪ್ಪು ಬೆರೆತ ಆ ನೀರನ್ನು ಗಿಡಕ್ಕೂ ಹಾಕುವ ಹಾಗಿರಲಿಲ್ಲ. ಅವನ ಸಿಟ್ಟು ವಾರಗಟ್ಟಲೆ ಇಳಿಯಲಿಲ್ಲ.

ವಾಲಚಂದ್ ಹೀರಾಚಂದ್ ಹೆಸರನ್ನೂ ನಾನು ಮೊದಲು ಕೇಳಿದ್ದು ಮೇಷ್ಟ್ರ ಬಾಯಲ್ಲೇ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದವರು, ಮರುವರ್ಷವೇ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಗೆ ಕಲ್ಲು ಹಾಕಿಸಿದರು. 1942ರಲ್ಲಿ ಜಪಾನಿನವರು ಆ ಊರಿಗೆ ಬಾಂಬ್ ಹಾಕಿದರು. ಆದರೂ ಕೆಲಸ ಕೈಬಿಡಲಿಲ್ಲ. 1948ರ ಮಾರ್ಚ್ 14ರಂದು ಅಲ್ಲಿ ಕಟ್ಟಿದ ಮೊದಲ ಹಡಗು 'ಜಲ ಉಷಾ'ವನ್ನು ನೆಹರು ನೀರಿಗೆ ಬಿಟ್ಟರು. ಸ್ವಾತಂತ್ರ್ಯ ಬಂದು ಏಳು ತಿಂಗಳೂ ಆಗಿರಲಿಲ್ಲ. ಮೇಷ್ಟ್ರು ಇದನ್ನು ಹೇಳುವಾಗ ತಾವೇ ಹಗ್ಗ ಬಿಚ್ಚಿದವರ ಹಾಗೆ ಹೇಳುತ್ತಿದ್ದರು.

ನಾನು ಐಟಿಐ ಮುಗಿಸಿ ಪಶ್ಚಿಮ ಕರಾವಳಿಯ ಒಂದು ಶಿಪ್‌ಯಾರ್ಡ್‌ಗೆ ವೆಲ್ಡರ್ ಆಗಿ ಹೋದೆ. ಹೋದ ಮೇಲೆ ಗೊತ್ತಾಯಿತು, ಹಡಗು ಕಟ್ಟುವವನಿಗೆ ನೀರಿನ ಕೆಲಸವೇ ಇಲ್ಲ! ಎಲ್ಲ ಒಣ ನೆಲದ ಮೇಲೆ. ತಳದಿಂದ ಮೇಲಕ್ಕೆ ಮನೆ ಕಟ್ಟಿದ ಹಾಗೂ ಅಲ್ಲ. ಶೆಡ್ಡಿನಲ್ಲಿ ಒಂದೊಂದು ಬ್ಲಾಕ್ ಬೇರೆ ಬೇರೆ ಮಾಡಿ, ಪೈಪು ಕೂರಿಸಿ, ಕ್ರೇನಿನಲ್ಲಿ ಎತ್ತಿ ತಂದು, ಬೇಕಾದಾಗ ನೀರು ಬಿಡುವ ದೊಡ್ಡ ಹೊಂಡ ಅಂದರೆ ಡಾಕ್‌ನಲ್ಲಿ ಜೋಡಿಸಿ ಬೆಸೆಯುತ್ತಾರೆ. ಶೆಡ್ಡಿನೊಳಗೆ ಬ್ಲಾಕನ್ನು ತಲೆಕೆಳಗು ಮಾಡಿ ಇಟ್ಟಿರುವುದೂ ಉಂಟು. ತಲೆ ಎತ್ತಿ ವೆಲ್ಡ್ ಮಾಡುವುದಕ್ಕಿಂತ ಬಗ್ಗಿ ಮಾಡುವುದು ಸುಲಭ, ಅಷ್ಟೇ ಕಾರಣ.

ನನ್ನ ಮೊದಲ ಪಾಲು ಹಡಗಿನ ತಳದ ಜೋಡಿ ತಗಡುಗಳ ನಡುವಿನ ಟ್ಯಾಂಕ್. ತೂತಿನಲ್ಲಿ ತೂರಿ, ಮೊಣಕಾಲೂರಿ ಕೆಲಸ. ಎಕ್ಸ್‌ರೇ ತೆಗೆದಾಗ ಫಿಲಮ್ಮಿನಲ್ಲಿ ಎಳ್ಳುಕಾಳಿನಂಥ ಕಪ್ಪು ಚುಕ್ಕೆಗಳು. ಬೆಸುಗೆಯೊಳಗೆ ಗಾಳಿ ಉಳಿದಿತ್ತು. ಮಲಯಾಳಿ ಫೋರ್‌ಮನ್ ಬೈಯಲಿಲ್ಲ, ಸುಮ್ನೆ ಗ್ರೈಂಡರ್ ಕೈಗೆ ಕೊಟ್ಟರು. ಎರಡು ದಿನದ ಬೆಸುಗೆಯನ್ನು ನಾನೇ ಕೆತ್ತಿ ತೆಗೆದು ಮತ್ತೆ ಹಾಕಿದೆ.

ಹೆಮ್ಮೆ ಇದೆ, ಆದರೆ ಒಂದು ವಿಷಯ ಈಗಲೂ ಚುಚ್ಚುತ್ತದೆ. ಕೊಚ್ಚಿನ್ ಶಿಪ್‌ಯಾರ್ಡ್‌ಗೂ ಕೊರಿಯಾದ ಉಲ್ಸಾನ್‌ನಲ್ಲಿ ಹ್ಯುಂಡೈ ಯಾರ್ಡ್‌ಗೂ ಶಂಕುಸ್ಥಾಪನೆ ಆದದ್ದು ಒಂದೇ ವರ್ಷ, 1972. ಕೊರಿಯಾದವರು ಯಾರ್ಡನ್ನೂ ಹಡಗನ್ನೂ ಒಟ್ಟಿಗೇ ಕಟ್ಟಿ, 1974ಕ್ಕೇ ದೊಡ್ಡ ಎಣ್ಣೆ ಹಡಗಿಗೆ ಹೆಸರಿಟ್ಟರು. ಕೊಚ್ಚಿಯ ಮೊದಲ ಹಡಗು 'ರಾಣಿ ಪದ್ಮಿನಿ' ಹೊರಬಂದದ್ದು 1981ರಲ್ಲಿ. ಇವತ್ತಿಗೂ ಲೋಕದಲ್ಲಿ ಹೊಸದಾಗಿ ಕಟ್ಟುವ ಹಡಗುಗಳಲ್ಲಿ, ಗಾತ್ರದ ಲೆಕ್ಕದಲ್ಲಿ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಚೀನಾ, ಕೊರಿಯಾ, ಜಪಾನಿನವು. ನಮ್ಮ ಪಾಲು ನೂರಕ್ಕೆ ಒಂದೂ ಇಲ್ಲ. ನಮ್ಮವರಿಗೆ ಕೈ ಬರುವುದಿಲ್ಲ ಅಂತಲ್ಲ. 2022ರಲ್ಲಿ ನೌಕಾಪಡೆ ಸೇರಿದ ವಿಮಾನವಾಹಕ ಹಡಗು ವಿಕ್ರಾಂತ್ ಕೊಚ್ಚಿಯದೇ. 262 ಮೀಟರ್ ಉದ್ದ, ನಮ್ಮ ಶಾಲೆ ಗೇಟಿನಿಂದ ಬಸ್ ಸ್ಟ್ಯಾಂಡಿಗೆ ಇರುವಷ್ಟು. ಮಲ್ಪೆಯ ಯಾರ್ಡ್ ನಾರ್ವೆಯವರಿಗೆ ಸರಕು ಹಡಗು ಕಟ್ಟುತ್ತಿದೆ. ಆದರೆ ಸಾಲದ ಬಡ್ಡಿ ಜಾಸ್ತಿ, ಎಂಜಿನ್ ಹೊರಗಿನಿಂದ ಬರಬೇಕು, ಹೇಳಿದ ದಿನಕ್ಕೆ ಹಡಗು ಕೊಡುವುದಿಲ್ಲ ಎಂಬ ಹೆಸರು ಬೇರೆ. ಕೊನೆಯದು ನಮ್ಮದೇ ತಪ್ಪು ಅಂತ ನನಗನ್ನಿಸುತ್ತದೆ.

ನಾನು ಬೆಸೆದ ಹಡಗು ತೇಲಿದ ದಿನ ಡಾಕ್‌ನ ವಾಲ್ವ್ ತೆಗೆದರು, ಥೇಟ್ ತೂಬು ಎತ್ತಿದ ಹಾಗೆ. ನೀರು ಏರುತ್ತಿದ್ದಾಗ ನಾನು ಆ ಟ್ಯಾಂಕಿನೊಳಗೆ ಟಾರ್ಚ್ ಹಿಡಿದು ಕೂತಿದ್ದೆ, ಎಲ್ಲಾದರೂ ಜಿನುಗುತ್ತಾ ಅಂತ ನೋಡಲು. ನನ್ನ ಬೆಸುಗೆಯ ಮೇಲೆ ಬೆರಳಾಡಿಸಿದೆ. ಒಣಗಿತ್ತು.

ಹೊರಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ರಿಟೈರಾಗಿ ಎಷ್ಟೋ ವರ್ಷವಾಗಿತ್ತು, ಕಿವಿ ಮಂದ. ಎರಡು ಸಲ ಕೂಗಿ ಹೇಳಿದ ಮೇಲೆ ಅರ್ಥವಾಯಿತು.

"ಎಷ್ಟು ಕಲ್ಲು ಹಿಡೀತಪ್ಪಾ?" ಅಂದರು.

"ಇನ್ನೂ ತುಂಬಿಲ್ಲ ಸಾರ್" ಅಂದೆ.