ಮಗು ಹೇಗಿರುತ್ತದೆ ಅನ್ನೋದಕ್ಕೆ ಪೂರ್ತಿ ಅಮ್ಮನೇ ಕಾರಣಾನಾ?

ಮಕ್ಕಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಕೇಳುವ ಮೊದಲ ಪ್ರಶ್ನೆ ಇದು. ಕೆಲವರು ಪ್ರಶ್ನೆಯ ಜೊತೆ ಉತ್ತರವನ್ನೂ ತಂದಿರುತ್ತಾರೆ. "ನೂಲಿನಂತೆ ಸೀರೆ, ತಾಯಿಯಂತೆ ಮಗಳು, ಅಲ್ವಾ?"

ಅರ್ಧ ಹೌದು. ಆದರೆ ಅವರು ಅಂದುಕೊಂಡ ಅರ್ಧ ಅಲ್ಲ.

ನನಗೆ ನಾಯಿ ಅಂದ್ರೆ ಭಯ. ಯಾವ ನಾಯಿಯೂ ನನ್ನನ್ನು ಕಚ್ಚಿಲ್ಲ. ಚಿಕ್ಕವಳಿದ್ದಾಗ ದಾರಿಯಲ್ಲಿ ನಾಯಿ ಕಂಡರೆ ಅಮ್ಮ "ಹೆದರಬೇಡ, ಏನೂ ಮಾಡಲ್ಲ" ಅನ್ನುತ್ತಿದ್ದರು, ಆದರೆ ಅದೇ ಹೊತ್ತಿಗೆ ನನ್ನ ಕೈ ಹಿಡಿದಿದ್ದ ಅವರ ಕೈ ಬಿಗಿಯಾಗುತ್ತಿತ್ತು. ನಾನು ನಂಬಿದ್ದು ಕೈಯನ್ನು.

1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ಓದಿದಾಗ ಇದೇ ನೆನಪಾಯಿತು. ಗಟ್ಟಿ ಗಾಜಿನ ಕೆಳಗೆ ಹಳ್ಳ ಇರುವಂತೆ ಕಾಣುವ ಮೇಜು, ಅದರ ಮೇಲೆ ಒಂದು ವರ್ಷದ ಮಗು, ಆಚೆ ತುದಿಯಲ್ಲಿ ಅಮ್ಮ. ದಾಟಬಹುದೋ ಬೇಡವೋ ಗೊತ್ತಾಗದೆ ಮಗು ಅಮ್ಮನ ಮುಖ ನೋಡುತ್ತದೆ. ಅಮ್ಮ ನಗುಮುಖ ತೋರಿಸಿದಾಗ 19 ಮಕ್ಕಳಲ್ಲಿ 14 ದಾಟಿದವು. ಹೆದರಿದ ಮುಖ ಕಂಡ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಯಾರೂ ಒಂದು ಮಾತೂ ಆಡಿರಲಿಲ್ಲ!

ಹಾಗಾಗಿ ಕೂರಿಸಿಕೊಂಡು ಹೇಳುವ ಬುದ್ಧಿಮಾತಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಹಾಲು ಚೆಲ್ಲಿದಾಗ ಅಮ್ಮನ ಮುಖ ಹೇಗಾಯಿತು, ತಪ್ಪು ತನ್ನದೇ ಆದಾಗ ಮಗುವಿನ ಹತ್ತಿರವೂ ಒಪ್ಪಿಕೊಂಡರಾ, ಫೋನ್ ಇಟ್ಟ ಮೇಲೆ ಆ ಕಡೆಯಿಂದ ಮಾತಾಡಿದವರ ಬಗ್ಗೆ ಏನಂದರು, ಇವೆಲ್ಲ ಸುಮ್ನೆ ಒಳಗೆ ಇಳಿಯುತ್ತಾ ಹೋಗುತ್ತವೆ. (ಅಪ್ಪನದೂ, ಅಜ್ಜಿಯದೂ ಇಳಿಯುತ್ತದೆ. ಪ್ರಶ್ನೆ ಕೇಳುವವರು ಮಾತ್ರ ಅವರನ್ನು ಬಿಟ್ಟೇಬಿಡುತ್ತಾರೆ.)

ಇನ್ನು "ಪೂರ್ತಿ" ಅನ್ನುವ ಪದ. ಅದು ನನಗೆ ಸಿಟ್ಟು ತರಿಸುತ್ತದೆ. 1950-60ರ ದಶಕಗಳಲ್ಲಿ ಹೆಸರಾಂತ ತಜ್ಞರೇ ಮಗುವಿನ ಆಟಿಸಂಗೆ (ಬೇರೆಯವರ ಜೊತೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಅಮ್ಮನ ಪ್ರೀತಿ ಸಾಲದ್ದೇ ಕಾರಣ ಅನ್ನುತ್ತಿದ್ದರು. ಮೊದಲೇ ನಿದ್ದೆಗೆಟ್ಟ ತಾಯಂದಿರು ಆ ಮಾತನ್ನೂ ಹೊತ್ತುಕೊಂಡು ಮನೆಗೆ ಹೋಗಬೇಕಿತ್ತು. 1977ರಲ್ಲಿ ಅವಳಿ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು, ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಅಂತ ತೋರಿಸಿತು. ಅಷ್ಟರಲ್ಲಿ ಎಷ್ಟು ಅಮ್ಮಂದಿರು ತಮ್ಮನ್ನೇ ಶಪಿಸಿಕೊಂಡು ಬದುಕಿದ್ದರೋ.

ಅಷ್ಟಕ್ಕೂ ನನ್ನ ತಮ್ಮನೂ ಅದೇ ಕೈ ಹಿಡಿದುಕೊಂಡು ನಡೆದವನು. ಅವನು ಯಾವ ನಾಯಿ ಕಂಡರೂ ಪಕ್ಕದಲ್ಲೇ ಕೂತು ತಲೆ ಸವರುತ್ತಾನೆ. ನಾನೂ ಅಮ್ಮನೂ ಹತ್ತು ಹೆಜ್ಜೆ ಹಿಂದೆ ನಿಂತು ಕಾಯುತ್ತೇವೆ.